ಬ್ರೇಕ್ ಹಿಡಿದಿತ್ತು

ಲಿಫ್ಟ್ ರಿಪೇರಿ ಮಾಡುವವನಿಗೆ ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಮನೆ, ಅದೂ ಮೂರನೆಯ ಮಹಡಿಯಲ್ಲಿ. ದಿನವಿಡೀ ಊರವರನ್ನೆಲ್ಲ ಮೇಲೆ ಕೆಳಗೆ ಹೊತ್ತು ತಿರುಗುವ ಯಂತ್ರಗಳಿಗೆ ಎಣ್ಣೆ ಹಾಕಿ, ಸಂಜೆ ತಾನು ಮಾತ್ರ ಕಂಬಿ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ. ನೆರೆಹೊರೆಯವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಅವನು ಕೆಲಸಕ್ಕೆ ಹೋಗುತ್ತಿದ್ದ ಕಟ್ಟಡಗಳಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಲಿಫ್ಟಣ್ಣ ಅಂದರೆ ಮುಗಿಯಿತು.

ಪ್ರತಿ ಕಟ್ಟಡದ ನೆತ್ತಿಯ ಮೇಲೂ ಮೋಟಾರಿನ ಕೋಣೆ ಅಂತ ಒಂದಿರುತ್ತದೆ. ತಗಡಿನ ಬಾಗಿಲು, ಪಾರಿವಾಳದ ಹಿಕ್ಕೆ, ಗ್ರೀಸಿನ ವಾಸನೆ, ಬೇಸಿಗೆಯಲ್ಲಿ ಕಾವಲಿಯಂಥ ಕಾವು. ಲಿಫ್ಟಣ್ಣನ ಆಯುಷ್ಯದ ಬಹುಪಾಲು ಅಂಥ ಕೋಣೆಗಳಲ್ಲೇ ಕಳೆದಿತ್ತು. ಒಳಗೆ ಹೋದೊಡನೆ ಅವನು ಮೊದಲು ನೋಡುತ್ತಿದ್ದದ್ದು ಬ್ರೇಕನ್ನು. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಅವನ ತಲೆಗೆ ಹಾಕಿದ್ದೂ ಅದನ್ನೇ: ಜನ ಹಗ್ಗ ಕಡಿದೀತು ಅಂತ ಹೆದರುತ್ತಾರೆ, ಆದರೆ ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸುವುದು ಬ್ರೇಕು, ಅದನ್ನು ಹೆಂಡತಿಗಿಂತ ಹೆಚ್ಚು ನಂಬು, ಆದರೆ ದಿನಾ ಅನುಮಾನಿಸು. ಅವನ ಕೈಕೆಳಗಿನ ಒಂದು ಲಿಫ್ಟೂ ಜಾರಿದ್ದಿಲ್ಲ. ಹೇಳಿಕೊಳ್ಳುವಂಥ ಹೆಮ್ಮೆ ಅವನಿಗೆ ಇದ್ದದ್ದು ಅದೊಂದೇ.

ನಲವತ್ತು ದಾಟಿದ ಮೇಲೆ ಮದುವೆಯಾದ. ಸರ್ಕ್ಯೂಟ್ ಬೋರ್ಡಿನ ಸಣ್ಣ ಅಕ್ಷರಗಳು ಕಾಣದೆ ಕನ್ನಡಕದ ಅಂಗಡಿಗೆ ಹೋಗಿದ್ದಾಗ, ಕೌಂಟರಿನ ಹೆಂಗಸು ಅವನ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ತಲೆ ಅಲ್ಲಾಡಿಸಬೇಡಿ ಅಂದಿದ್ದಳು. ಆಮೇಲೆ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಅಂತ ಎಷ್ಟು ಸಲ ಹೋದನೋ! ಸ್ಕ್ರೂ ಬಿಗಿ ಮಾಡುವುದು ನಿಮಗೇ ಬಾರದೇ ಎಂದು ಅವಳು ಕೇಳಲಿಲ್ಲ. ಅವಳಿಗೆ ಮೊದಲ ಗಂಡನಿಂದ ಒಬ್ಬಳು ಮಗಳಿದ್ದಳು. ಮಗು ನಾಲ್ಕು ವರ್ಷದವಳಿರುವಾಗ ಅವನು ಮನೆ ಬಿಟ್ಟಿದ್ದ. ವ್ಯಾಯಾಮದ ಯಂತ್ರಗಳನ್ನು ಮಾರುವ ಕೆಲಸ, ನೋಡಲು ಲಕ್ಷಣವಂತ, ಮಾತು ಬೆಣ್ಣೆ. ವರ್ಷಕ್ಕೆ ಒಂದೆರಡು ಸಲ ದೊಡ್ಡ ಉಡುಗೊರೆಯೊಂದನ್ನು ಹೊತ್ತು ನೆಂಟನ ಹಾಗೆ ಬಂದು, ಮಗಳ ತಲೆ ಸವರಿ ಹೋಗುತ್ತಿದ್ದ. ಒಂದು ಕಡೆ ಕೂರದೆ ಗಿರಗಿರ ಸುತ್ತುತ್ತಿದ್ದ ಮಗುವಿಗೆ ಬುಗುರಿ ಅಂತ ಹೆಸರಿಟ್ಟವನೂ ಅವನೇ. ಲಿಫ್ಟಣ್ಣ ಮನಸ್ಸಿನಲ್ಲಿ ಅವನನ್ನು ‘ಮೊದಲನೆಯವನು’ ಅಂತ ಕರೆದುಕೊಳ್ಳುತ್ತಿದ್ದ. ಹಾಗಾದರೆ ತಾನು ಎರಡನೆಯವನು ಅನ್ನುವುದೂ ಅದರಲ್ಲೇ ಬಂದುಹೋಗುತ್ತಿತ್ತು.

ಬುಗುರಿ ಅವನೊಂದಿಗೆ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ರೈಲಿನಲ್ಲಿ ಎದುರು ಸೀಟಿನವರೊಡನೆ ಇರುವ ಹಾಗೆ ಇದ್ದಳು. ಕಾಲು ತಗುಲಿದರೆ ಸರಿಸಿಕೊಳ್ಳುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ಅಂಕಲ್ ಅನ್ನುವಳು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಹದಿನೈದು ತುಂಬುವ ಹೊತ್ತಿಗೆ ಶಾಲೆಯ ಸೈಕಲ್ ಬಳಗಕ್ಕೆ ಸೇರಿಕೊಂಡಳು. ಗುಡ್ಡ ಹತ್ತಿ ಇಳಿಯುವಂಥ ದಪ್ಪ ಟೈರಿನ ಹಳೆಯ ಸೈಕಲ್ಲೊಂದು ಮನೆಗೆ ಬಂತು. ಅದನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಿಸುವಳು. ಲಿಫ್ಟಣ್ಣ ಯಾರೂ ಹೇಳದೆಯೇ ಅದರ ಸರಪಳಿ ತೊಳೆದ, ಬೇರಿಂಗ್ ಬದಲಿಸಿದ, ಹೊಸ ಬ್ರೇಕು ಹಾಕಿದ. ಅವಳು ಒಂದು ಸುತ್ತು ಹೊಡೆದು ಬಂದು, ಚೆನ್ನಾಗಿದೆ ಅಂಕಲ್, ಅಂದಳು.

ಬರುವ ಬೇಸಿಗೆ ರಜೆಯಲ್ಲಿ ಬಳಗದವರು ಬೆಟ್ಟಕ್ಕೆ ಹೋಗುವವರಿದ್ದರು. ತಲೆಗೆ ಇಷ್ಟು ಅಂತ ಅವರು ಹೇಳಿದ್ದನ್ನು ಕೇಳಿ ತಾಯಿ ಇಲ್ಲವೇ ಇಲ್ಲ ಅಂದುಬಿಟ್ಟಳು. ಹುಡುಗಿ ಅಳಲಿಲ್ಲ, ತಟ್ಟೆಯಲ್ಲಿದ್ದದ್ದನ್ನು ಬೆರಳಿಂದ ತಳ್ಳುತ್ತ ಕೂತಳು. ಲಿಫ್ಟಣ್ಣ ಯೋಚಿಸದೆ ಹೇಳಿದ, ನಾವೇ ಹೋಗೋಣ, ಮೂವರೂ.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು,” ಅಂದಳು ಹೆಂಡತಿ.

“ಹಾಸಿಗೇನೂ ಹೊತ್ಕೊಂಡೇ ಹೋಗೋಣ. ಅಲ್ಲೇ ಚಾಚೋಣ.”

ಬುಗುರಿ ತಲೆ ಎತ್ತಿ ನೋಡಿದಳು.

ಆಮೇಲಿನ ತಿಂಗಳುಗಳು ಆ ಮನೆ ಕಂಡ ಒಳ್ಳೆಯ ದಿನಗಳು. ಊಟ ಆದಮೇಲೆ ಮೇಜು ಒರೆಸಿ ನಕ್ಷೆ ಬಿಡಿಸುವರು. ಅದರ ಮೂಲೆಗಳು ಮುದುಡದ ಹಾಗೆ ಹೆಂಡತಿ ಅಂಗಡಿಯಿಂದ ತಂದ ಖಾಲಿ ಕನ್ನಡಕದ ಡಬ್ಬಿಗಳನ್ನು ಇಡುವಳು. ಹೆದ್ದಾರಿಯಲ್ಲಿ ಹೋದರೆ ಬೇಗ ತಲುಪಬಹುದು, ಆದರೆ ಹೆಜ್ಜೆಗೊಂದು ಸುಂಕದ ಕಟ್ಟೆ. ಅದರ ಪಕ್ಕದಲ್ಲಿ ಸಣ್ಣಪುಟ್ಟ ಊರುಗಳ ನಡುವೆ ಹಾದು ಹೋಗುವ ಹಳೆಯ ರಸ್ತೆಯೊಂದಿತ್ತು. ಲಿಫ್ಟಣ್ಣ ಅದರ ಮೇಲೆ ಪೆನ್ಸಿಲ್ ಎಳೆದ. ಬೆಟ್ಟದ ಬುಡದಲ್ಲಿ ಡೇರೆ ಹಾಕುವ ಬಯಲು, ನೀರಿನ ನಲ್ಲಿ ಇದೆ, ಬಾಡಿಗೆಯೂ ಕಡಿಮೆ. ಒಲೆ, ಮೊಟ್ಟೆ, ಅಕ್ಕಿ ಮನೆಯಿಂದಲೇ. ಇನ್ನು ಗಾಡಿ. ಅವನು ಸಾಮಾನು ಸಾಗಿಸುವ ಲಿಫ್ಟ್ ನೋಡಿಕೊಳ್ಳುತ್ತಿದ್ದ ಬೇಕರಿಯ ಯಜಮಾನ ಇವರು ಹೊರಡುವ ವಾರ ಒಲೆ ಕಟ್ಟಿಸಲು ಬಾಗಿಲು ಹಾಕುವವನಿದ್ದ. ಬ್ರೆಡ್ ಸಾಗಿಸುವ ವ್ಯಾನು ಸುಮ್ಮನೆ ನಿಂತಿರುತ್ತದೆ, ಡೀಸೆಲ್ ಹಾಕಿಸಿಕೊಂಡು ಒಯ್ಯಿ ಅಂದ. ಲಿಫ್ಟಣ್ಣ ಅದರ ಒಳಗಿನ ತಟ್ಟೆಯ ಹಲಗೆಗಳನ್ನು ಬಿಚ್ಚಿಟ್ಟು, ಹಾಸಿಗೆ ಹಿಡಿಸುವಷ್ಟು ಜಾಗ ಮಾಡಿದ. ಗುಜರಿಗೆ ಹೋಗಬೇಕಿದ್ದ ಹಳೆಯ ಕಂಬಿಗಳನ್ನು ಬೆಸೆದು ಹಿಂದೆ ಸೈಕಲ್ ತೂಗುಹಾಕುವ ಕೊಂಡಿ ಮಾಡಿದ. ಎಷ್ಟು ತೊಳೆದರೂ ಬ್ರೆಡ್ಡಿನ ವಾಸನೆ ಮಾತ್ರ ಹೋಗಲಿಲ್ಲ.

“ಈ ಗಾಡೀಲಿ ಹೋದ್ರೆ ದಾರಿಯವರೆಲ್ಲ ಕೈ ಅಡ್ಡ ಹಾಕಿ ಬ್ರೆಡ್ ಕೇಳ್ತಾರೆ,” ಅಂದಳು ಬುಗುರಿ.

“ಕೇಳಿದ್ರೆ ಮಾರೋಣ. ಡೀಸೆಲ್ ದುಡ್ಡಾದ್ರೂ ಹುಟ್ಟುತ್ತೆ.”

ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಸಿ, ತಾಯಿಯ ಹಾಗೆ ನಗುತ್ತಾಳೆ ಅನ್ನುವುದು ಅವನಿಗೆ ಅಂದೇ ಗೊತ್ತಾದದ್ದು. ಮರುದಿನ ಮೋಟಾರಿನ ಕೋಣೆಯಲ್ಲಿ ಅದೇ ನೆನಪಾಗಿ ಸ್ಪ್ಯಾನರು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ.

ಬೆಟ್ಟದ ಸೈಕಲ್ ದಾರಿಗಳಿಗೆ ಬಣ್ಣದ ಬೋರ್ಡುಗಳಿರುತ್ತವೆ ಅಂತ ಅವಳೇ ವಿವರಿಸಿದಳು. ಹಸಿರು ಮಕ್ಕಳಿಗೆ, ಮುದುಕರಿಗೆ. ನೀಲಿ ತಕ್ಕಮಟ್ಟಿಗೆ ಬಲ್ಲವರಿಗೆ. ಕಪ್ಪು ನುರಿತವರಿಗೆ ಮಾತ್ರ, ಅಲ್ಲಿ ಕಲ್ಲು, ಕೊರಕಲು, ಹಲಗೆಯ ಮೇಲಿಂದ ಹಾರುವ ಜಾಗ. ತಾನು ನೀಲಿಯಲ್ಲಿ ಹೋಗುವವಳು, ಕಪ್ಪಿಗೆ ಇನ್ನೂ ಎರಡು ವರ್ಷ ಬೇಕು ಅಂದಳು. ಒಬ್ಬಳನ್ನೇ ಕಳಿಸಲು ತಾಯಿ ಒಪ್ಪಲಿಲ್ಲ. ಹಾಗಾದರೆ ಹಿಂದೆ ನಾನಿರುತ್ತೇನೆ ಅಂದ ಲಿಫ್ಟಣ್ಣ. ಅವನು ಸೈಕಲ್ ತುಳಿದು ಮೂವತ್ತು ವರ್ಷವಾಗಿತ್ತು. ಕೆಲಸ ಮುಗಿದ ಮೇಲೆ ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ ಕಲಿಯಲು ಶುರುಮಾಡಿದ. ಕಾವಲಿನವನು ಕುರ್ಚಿ ತಿರುಗಿಸಿಕೊಂಡು ನಾಟಕ ನೋಡುವ ಹಾಗೆ ಕೂರುತ್ತಿದ್ದ. ಲಿಫ್ಟಣ್ಣ ಕಂಬಕ್ಕೆ ಗುದ್ದಿದ, ಗೋಡೆಗೆ ಒರಗಿದ, ಒಂದು ದಿನ ಯಾರದೋ ಕಾರಿನ ಕನ್ನಡಿಯನ್ನೇ ಅಪ್ಪಿಕೊಂಡ. ಶನಿವಾರಗಳಲ್ಲಿ ಬುಗುರಿ ಬಂದು ನಿಂತು ಹೇಳಿಕೊಡುವಳು. ಮುಂದಿನ ಬ್ರೇಕೊಂದನ್ನೇ ಒತ್ತಬಾರದು, ತಲೆಕೆಳಗಾಗುತ್ತೀರಿ. ಕಣ್ಣು ಚಕ್ರದ ಮೇಲಲ್ಲ, ದಾರಿಯ ಮೇಲಿರಬೇಕು. ಹೊಸ ವಿದ್ಯಾರ್ಥಿಯ ಹಾಗೆ ಅವನು ಹೂಂ ಹೂಂ ಅನ್ನುವನು. ಮಂಡಿ ಕೆತ್ತಿಹೋದ ದಿನ ಅವಳೇ ಔಷಧಿ ಹಚ್ಚಿದಳು.

ಹೊರಡಲು ವಾರವಿರುವಾಗ ಹೆಂಡತಿ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಹೇಳಿದಳು, “ಬುಗುರಿ ಅವರಪ್ಪಂಗೆ ಫೋನಲ್ಲಿ ಹೇಳಿದ್ದಾಳೆ. ಅವರೂ ಬರ್ತಾರಂತೆ.”

“ಎಲ್ಲಿಗೆ?”

“ಅಲ್ಲಿಗೇ. ತಮ್ಮ ಗಾಡೀಲಿ.”

ನೀನೇನಂದೆ ಅಂತ ಕೇಳಿದ್ದಕ್ಕೆ ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಅಂದಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಅಪ್ಪ ಅಲ್ವಾ ಅಂತ ಸೇರಿಸಿದಳು. ಬೆಟ್ಟವೇನು ತನ್ನಪ್ಪನದೇ, ಯಾರು ಬೇಕಾದರೂ ಬರಬಹುದು ಅಂತ ಲಿಫ್ಟಣ್ಣ ತನಗೆ ತಾನೇ ಹೇಳಿಕೊಂಡ. ಬೇರೆ ಊರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದಾಗ ಮಾತ್ರ ಬಾಯಿಬಿಟ್ಟ. ಅಕ್ಕ ಮೊದಲಿನಿಂದಲೂ ಖಾರದ ಮಾತಿನವಳು. ಒಲೆ ಹೂಡಿ ಹೊಗೆ ಕುಡಿದವನು ನೀನು, ಬಡಿಸೋಕೆ ನಿಲ್ಲುವವನು ಅವನು, ನೋಡ್ತಿರು, ಅಂದಳು.

ಅವಳು ಅಂದಂತೆಯೇ ಆಯಿತು. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಮೊದಲನೆಯವನು ಹೊಳೆಯುವ ಎತ್ತರದ ಕಾರಿಗೆ ಒರಗಿ ಕಾಯುತ್ತಿದ್ದ. ಬ್ರೆಡ್ಡಿನ ವ್ಯಾನು ನೋಡಿ ಜೋರಾಗಿ ನಕ್ಕು, ಸೊಗಸಾಗಿದೆ ಅಂದ. ಸ್ವಲ್ಪ ದೂರ ಅಪ್ಪನ ಕಾರಲ್ಲಿ ಬರ್ತೀನಿ ಅಂದಳು ಬುಗುರಿ. ಕಾರು ಹೆದ್ದಾರಿ ಹಿಡಿಯಿತು. ಲಿಫ್ಟಣ್ಣ ಮತ್ತು ಹೆಂಡತಿ ಒಲೆ, ಹಾಸಿಗೆ, ಅಕ್ಕಿ, ಹಿಂದೆ ತೂಗುವ ಸೈಕಲ್ಲಿನ ಜೊತೆ ಹಳೆಯ ರಸ್ತೆಯಲ್ಲಿ ಹೊರಟರು. ಎಲ್ಲೆಲ್ಲಿ ನಿಲ್ಲಬೇಕು, ಯಾವ ಸೇತುವೆಯ ಹತ್ತಿರ ಊಟ ಬಿಚ್ಚಬೇಕು ಅಂತ ಮೂವರೂ ಕೂತು ಗುರುತು ಮಾಡಿದ್ದರು. ಆ ಸೇತುವೆಯ ಹತ್ತಿರ ಇಬ್ಬರೇ ನಿಂತು, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು ತಿಂದರು. ಜಾಗ ಚೆನ್ನಾಗಿದೆ ಅಂದಳು ಹೆಂಡತಿ. ಹೂಂ ಅಂದ.

ಅವರು ತಲುಪುವಾಗ ಹೊತ್ತು ಇಳಿದಿತ್ತು. ಅಪ್ಪ ಮಗಳು ಆಗಲೇ ಹೋಟೆಲಿನಲ್ಲಿ ತಿಂದು ಕೂತಿದ್ದರು. ಹುಡುಗಿ ಡೇರೆಯಲ್ಲೇಕೆ ಮಲಗಬೇಕು, ಹೋಟೆಲಿನಲ್ಲಿ ಅವಳಿಗೊಂದು ಕೋಣೆ ಹಿಡಿದಿದ್ದೇನೆ ಅಂದ ಮೊದಲನೆಯವನು. ಬುಗುರಿ ತಾಯಿಯ ಮುಖ ನೋಡಿದಳು. ತಾಯಿ ಗಂಡನ ಮುಖ ನೋಡಿದಳು. ಅವನು ನಲ್ಲಿಯಲ್ಲಿ ನೀರು ಬರುತ್ತದೋ ನೋಡಿಬರುತ್ತೇನೆ ಅಂತ ಎದ್ದು ಹೋದ.

ಬೆಳಿಗ್ಗೆ ಬಾಡಿಗೆ ಸೈಕಲ್ಲಿನ ಗುಡಿಸಲ ಮುಂದೆ ಎಲ್ಲರೂ ಸೇರಿದರು. ಲಿಫ್ಟಣ್ಣ ಬುಗುರಿಯ ಸೈಕಲ್ಲನ್ನು ಕೊಂಡಿಯಿಂದ ಇಳಿಸಿ, ಚಕ್ರ ಎತ್ತಿ ತಿರುಗಿಸಿ, ಮುಂದಿನದು ಹಿಂದಿನದು ಎರಡೂ ಬ್ರೇಕು ಒತ್ತಿ ನೋಡಿದ. ಇನ್ನೊಮ್ಮೆ ನೋಡಿದ. ಅವಳು ಹೆಲ್ಮೆಟ್ಟಿನ ಪಟ್ಟಿ ಎಳೆದುಕೊಳ್ಳುತ್ತ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಮೊದಲನೆಯವನು ಗುಡಿಸಲಿನ ಅತ್ಯುತ್ತಮ ಸೈಕಲ್ಲನ್ನು ಬಾಡಿಗೆಗೆ ತೆಗೆದುಕೊಂಡಿದ್ದ. ಲಿಫ್ಟಣ್ಣ ಮೂಲೆಯಲ್ಲಿದ್ದ ಅಗ್ಗದ್ದೊಂದನ್ನು ಎಳೆದುಕೊಂಡ.

ನೀವೂ ಬರ್ತೀರಾ ಅಂತ ಮೊದಲನೆಯವನು ನಯವಾಗಿಯೇ ಕೇಳಿದ. ಬುಗುರಿ ಲಿಫ್ಟಣ್ಣನ ಕೆಲಸದ ಬೂಟು ನೋಡಿ, ಆಮೇಲೆ ಬೇರೆ ಕಡೆ ನೋಡಿ, “ಅಂಕಲ್, ನೀವು ಹಸಿರಲ್ಲಿ ಒಂದು ಸುತ್ತು ಹಾಕ್ಕೊಂಡ್ಬನ್ನಿ. ನಾವು ನೀಲಿ ಮುಗಿಸಿ ಬರ್ತೀವಿ,” ಅಂದಳು.

ಅವನು ಹಸಿರು ಬೋರ್ಡಿನ ದಾರಿಯಲ್ಲಿ ಒಬ್ಬನೇ ಒಂದು ಸುತ್ತು ಹಾಕಿದ. ಮಕ್ಕಳು ಗಂಟೆ ಬಾರಿಸುತ್ತ ಅವನನ್ನು ದಾಟಿ ಹೋದವು. ಬಾಡಿಗೆಯ ಹೊತ್ತು ಮುಗಿಯುವ ಮೊದಲೇ ಸೈಕಲ್ ಹಿಂತಿರುಗಿಸಿ, ಡೇರೆಯ ಹತ್ತಿರ ಬಂದು ಹೆಂಡತಿಯ ಜೊತೆ ಅಕ್ಕಿ ಆರಿಸಲು ಕೂತ.

ಮಧ್ಯಾಹ್ನಕ್ಕೆ ಮುಂಚೆ ಗುಡಿಸಲಿನವನು ಓಡುತ್ತ ಬಂದ. ಹುಡುಗಿ ಬಿದ್ದಿದ್ದಾಳೆ, ಮೇಲಿಂದ ಹೊತ್ತು ತರುತ್ತಿದ್ದಾರೆ ಅಂದ.

ಬುಡದ ಊರಿನ ಸಣ್ಣ ಆಸ್ಪತ್ರೆ. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು, ಮಣಿಕಟ್ಟು ಬಿರುಕು ಬಿಟ್ಟಿತ್ತು. ಜೀವಕ್ಕೇನೂ ಇಲ್ಲ, ಹೆದರಬೇಡಿ ಅಂದರು ಡಾಕ್ಟರು. ಪಟ್ಟಿ ಕಟ್ಟಿಸಿಕೊಂಡು, ಸುಣ್ಣ ಬಳಿದಂಥ ಮುಖ ಮಾಡಿಕೊಂಡು ಬುಗುರಿ ಮಲಗಿದ್ದಳು. ಹೇಗಾಯ್ತು ಅಂತ ತಾಯಿ ಕೇಳಿದಳು. ಹುಡುಗಿ ಮೊದಲನೆಯವನ ಕಡೆ ನೋಡಿದಳು. ಅವನು ಕಿಟಕಿಯಾಚೆ ಏನನ್ನೋ ನೋಡುತ್ತಿದ್ದ. ಆಮೇಲೆ ಅವಳು ಸೂರಿನ ಕಡೆ ತಿರುಗಿದಳು.

“ಬ್ರೇಕ್ ಹಿಡೀಲಿಲ್ಲ,” ಅಂದಳು.

ಮೊದಲನೆಯವನು ಕಿಟಕಿಯಿಂದ ಈಚೆ ಬಂದ. ಆ ಬ್ರೇಕು ಹಾಕಿದ್ದು ಯಾರು ಅಂತ ಕೇಳಿದ. ಅವನಿಗೆ ಗೊತ್ತಿತ್ತು, ದಾರಿಯಲ್ಲಿ ಬುಗುರಿಯೇ ಹೇಳಿದ್ದಳು. ಆದರೂ ಕೇಳಿದ. ಮಕ್ಕಳ ಜೀವದ ವಿಷಯದಲ್ಲಿ ಹೀಗೆ ಕಾಸು ಉಳಿಸಬಾರದು ಅಂತ ಮೆಲುದನಿಯಲ್ಲಿ, ದುಃಖದಲ್ಲಿರುವವನ ಹಾಗೆ ಹೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲಿಫ್ಟಣ್ಣ ಎದ್ದು ಹೊರಗೆ ಹೋದ. ಅಲ್ಲಿ ಬೆಂಚಿನ ಹತ್ತಿರ ಹೆಂಡತಿ ಬಂದು ನಿಂತಳು.

“ಸರಿಯಾಗಿ ಬಿಗಿ ಮಾಡಿದ್ರಾ?”

ಅವಳು ಕೇಳಿದ್ದು ಅಷ್ಟೇ. ಗದರಲಿಲ್ಲ, ದೂರಲಿಲ್ಲ. ಮೊದಲನೆಯವನ ಮಾತು ಅವನಿಗೆ ನಾಟಿರಲಿಲ್ಲ, ಇದು ನಾಟಿತು.

ಅವನು ವ್ಯಾನು ತೆಗೆದುಕೊಂಡು ಬೆಟ್ಟದ ಬುಡಕ್ಕೆ ಹೋದ. ಸೈಕಲ್ಲು ಗುಡಿಸಲ ಪಕ್ಕ ಬಿದ್ದಿತ್ತು. ಹಿಡಿ ತಿರುಚಿಕೊಂಡಿತ್ತು, ಮುಂದಿನ ಚಕ್ರ ಹಪ್ಪಳವಾಗಿತ್ತು. ಹಿಂದಿನ ಚಕ್ರ ತಿರುಗಿಸಿ ಬ್ರೇಕಿನ ಹಿಡಿಗೆ ಬೆರಳು ತಾಗಿಸಿದ, ಕಚ್ಚಿ ನಿಂತಿತು. ಮುಂದಿನ ಬ್ರೇಕಿನ ಹಿಡಿಯೂ ಗಟ್ಟಿಯಾಗಿತ್ತು. ಗುಡಿಸಲಿನವನು ಕೇಳುವ ಮೊದಲೇ ಹೇಳಿಕೊಂಡ.

“ಕಪ್ಪು ಬೋರ್ಡಿನ ದಾರಿಗೆ ಹೊರಟ್ರು. ಮಗೂಗೆ ಬೇಡ ಸಾರ್ ಅಂದೆ. ನನ್ನ ಮಗಳು, ನಂಗೊತ್ತು ಅಂದ್ರು. ಆ ಹಲಗೆ ಮೇಲಿಂದ ಹಾರೋ ಜಾಗದಲ್ಲೇ ಬಿದ್ದಿದ್ದು. ಗಾಳೀಲಿದ್ದಾಗ ಬ್ರೇಕೇನು ಮಾಡುತ್ತೆ ಹೇಳಿ.”

ಲಿಫ್ಟಣ್ಣ ಆಸ್ಪತ್ರೆಗೆ ಮರಳುವಷ್ಟರಲ್ಲಿ ಎತ್ತರದ ಕಾರು ಹೋಗಿಯಾಗಿತ್ತು. ಮರುದಿನ ಯಾವುದೋ ದೊಡ್ಡ ಗಿರಾಕಿ ಬರುವವನಿದ್ದನಂತೆ. ಕೇಳಿ ಬಂದದ್ದನ್ನು ಹೆಂಡತಿಗೆ ಹೇಳಿದ. ಅವಳು ಕೇಳಿಸಿಕೊಂಡು, ಈಗ ಬೇಡ, ಮಗು ನೋವಲ್ಲಿದೆ ಅಂದಳು. ಅದು ಸರಿಯೇ ಆಗಿತ್ತು. ಬುಗುರಿಯನ್ನು ವ್ಯಾನಿನ ಹಾಸಿಗೆಯ ಮೇಲೆ ಮಲಗಿಸಿ, ತಾಯಿ ಪಕ್ಕದಲ್ಲಿ ಕೂತಳು. ಗುಂಡಿ ಸಿಕ್ಕಲ್ಲೆಲ್ಲ ಹುಡುಗಿ ಹಲ್ಲು ಕಚ್ಚುವುದು ಅವನಿಗೆ ಮುಂದಿನ ಸೀಟಿಗೇ ಕೇಳುತ್ತಿತ್ತು. ಅವನು ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ.

ಮನೆಗೆ ಬಂದ ಮೇಲೆ ಅವಳೇ ಹೇಳುತ್ತಾಳೆ ಅಂತ ಕಾದ. ಅವಳು ಹೇಳಲಿಲ್ಲ. ಹೆಂಡತಿಯ ತಂಗಿ ಹಣ್ಣು ಹಿಡಿದು ನೋಡಲು ಬಂದಳು. ಹಳೇ ಸೈಕಲ್ಲು, ಮನೆ ರಿಪೇರಿ, ಉಳಿಸೋಕೆ ಹೋಗಿ ಕಳ್ಕೊಳ್ಳೋದು ಅಂದರೆ ಇದೇ ಅಂತ ಅವನ ಎದುರಿಗೇ ಅಂದಳು. ಅವನು ಚಹಾದ ಲೋಟ ಕೈಗೆ ಕೊಡುತ್ತ ನಿಂತಿದ್ದ. ಬುಗುರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ.

ಇನ್ನೊಂದು ಬದಲಾವಣೆಯನ್ನು ಅವನು ಕಂಡ. ವರ್ಷಕ್ಕೆರಡು ಸಲ ಬರುತ್ತಿದ್ದ ಮೊದಲನೆಯವನು ಈಗ ದಿನಾ ಸಂಜೆ ಫೋನು ಮಾಡುತ್ತಿದ್ದ. ಹುಡುಗಿ ಒಂದೇ ಕೈಯಲ್ಲಿ ತಲೆ ಬಾಚಿಕೊಂಡು ಕಾಯುತ್ತಿದ್ದಳು. ಫೋನಿನ ಗಂಟೆಯಾದೊಡನೆ ಅವಳ ಮುಖದಲ್ಲಿ ಬೆಳಕು ಮೂಡುತ್ತಿತ್ತು. ಶಾಲೆಯದು, ಗೆಳತಿಯರದು, ನೋವಿನದು, ಎಲ್ಲವನ್ನೂ ಹೇಳುವಳು. ಇಷ್ಟು ಅಪ್ಪ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಇದೆಲ್ಲ ಆ ಒಂದು ಸುಳ್ಳಿನ ಮೇಲೆ ನಿಂತಿದೆ ಅಂತ ಲಿಫ್ಟಣ್ಣನಿಗೆ ಅರ್ಥವಾಗದೇ ಇರಲಿಲ್ಲ. ಅರ್ಥವಾದದ್ದರಿಂದ ಅವನ ಸಿಟ್ಟು ಆರಲಿಲ್ಲ, ಇನ್ನೂ ಹೊತ್ತಿಕೊಂಡಿತು.

ಅವನು ಸೈಕಲ್ಲನ್ನು ಅಂಗಡಿಗೆ ಒಯ್ದು ಚಕ್ರ ನೆಟ್ಟಗೆ ಮಾಡಿಸಿದ, ಬ್ರೇಕು ಮುಟ್ಟಬೇಡ ಅಂದ. ಮೇಲೆ ಹೊತ್ತು ತಂದು ನಡುಮನೆಯಲ್ಲಿ ಹೆಂಡತಿಯ ಮುಂದೆ ಚಕ್ರ ತಿರುಗಿಸಿ, ಒತ್ತಿ ನಿಲ್ಲಿಸಿದ.

“ಈಗ ಹಿಡೀತಿದೆ,” ಅಂದು ಅವಳು ಅಡುಗೆಮನೆಗೆ ಹೋದಳು.

ಆ ‘ಈಗ’ ಅಂದಿನಿಂದ ಅವನನ್ನು ಬಿಡಲಿಲ್ಲ. ಊಟ ಬೇರೆ ಹೊತ್ತಿಗೆ ಮಾಡತೊಡಗಿದ. ಕೇಳಿದ್ದಕ್ಕೆ ಹೂಂ ಉಹೂಂ. ಕೆಲಸದಲ್ಲಿ ಒಮ್ಮೆ ನೋಡಿದ ಬ್ರೇಕನ್ನು ಮತ್ತೆ ಬಿಚ್ಚಿ ನೋಡುತ್ತಿದ್ದ. ಲಿಫ್ಟು ಹೊತ್ತುಗಟ್ಟಲೆ ನಿಂತಿರುತ್ತದೆ ಅಂತ ಆಫೀಸಿಗೆ ದೂರು ಹೋಯಿತು, ಮೇಲಿನವರು ಕರೆದು ವಿಚಾರಿಸಿದರು. ನಾನು ನಿಮ್ಮನ್ನ ನಂಬ್ತೀನಿ ಅಂತಲೇ ಅಂದ್ಕೊಳ್ಳಿ, ಬಿಟ್ಟುಬಿಡಿ ಅಂದಳು ಹೆಂಡತಿ ಒಂದು ದಿನ. ಅಂದುಕೊಳ್ಳೋದು ಬೇಡ ಅಂದ ಅವನು.

ಪಟ್ಟಿ ಬಿಚ್ಚಿದ ವಾರ, ಒಂದು ಸಂಜೆ, ಹೆಂಡತಿಯ ತಂಗಿ ಮತ್ತೆ ಬಂದಿದ್ದಳು. ಬುಗುರಿ ಸೋಫಾದ ಮೇಲೆ ಕೂತು ಬೆರಳು ಮಡಚಿ ಬಿಡಿಸುವ ವ್ಯಾಯಾಮ ಮಾಡುತ್ತಿದ್ದಳು. ಫೋನು ಬರುವ ಹೊತ್ತು. ಲಿಫ್ಟಣ್ಣ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ. ಚಿಕ್ಕಮ್ಮನೂ ಕೇಳಲಿ ಅಂತಲೇ ಆ ಹೊತ್ತು ಆರಿಸಿಕೊಂಡಿದ್ದ.

“ಒಂದೇ ಸಲ ಹೇಳು ಮಗು. ಬ್ರೇಕ್ ಹಿಡೀತೋ ಇಲ್ವೋ?”

ತಾಯಿ ಬೇಡ ಅನ್ನುವಂತೆ ಕೈ ಎತ್ತಿದಳು. ಬುಗುರಿ ಬೆರಳು ಮಡಚುವುದನ್ನು ನಿಲ್ಲಿಸಿದಳು.

“ಹಿಡೀತಿತ್ತು. ಅಪ್ಪ ಹಾರು ಅಂದ್ರು, ಹಾರಿದೆ. ನಂಗೆ ಬರಲ್ಲ ಅಂತ ಗೊತ್ತಿತ್ತು. ನಿಜ ಹೇಳಿದ್ರೆ ಅಮ್ಮ ಅವರನ್ನ ಬರೋಕೆ ಬಿಡಲ್ಲ ಅಂತ ಹಾಗಂದೆ. ಈಗ ಅಮ್ಮ ಬಿಡಲ್ಲ.” ಅವಳ ದನಿ ಏರಲಿಲ್ಲ. “ಸಾಕಾ?”

ಅವನು ಸಾಕು ಅಂದ. ಅಂದಮೇಲೆ, ಅದು ಹೇಳುವ ಮಾತಾಗಿರಲಿಲ್ಲ ಅನ್ನಿಸಿತು.

ಹೆಂಡತಿ ಫೋನು ತೆಗೆದುಕೊಂಡು ಹೊರಗೆ ಮೆಟ್ಟಿಲ ಹತ್ತಿರ ಹೋದಳು. ಅವಳು ಮೊದಲನೆಯವನೊಡನೆ ಆಡಿದ ದನಿಯನ್ನು ಲಿಫ್ಟಣ್ಣ ಹಿಂದೆಂದೂ ಕೇಳಿರಲಿಲ್ಲ. ಅತ್ತ ಅವನು ಇಲ್ಲ ಅನ್ನಲಿಲ್ಲವಂತೆ. ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲದ ಮೇಲೆ ನಾನು ದೂರ ಇರುವುದೇ ಒಳ್ಳೆಯದು ಅಂದನಂತೆ. ದಿನಾ ಫೋನು ಮಾಡಿ ಅವನಿಗೂ ಸಾಕಾಗಿತ್ತೋ ಏನೋ, ಹುಡುಕುತ್ತಿದ್ದ ನೆಪ ಕೈಗೇ ಸಿಕ್ಕಿತು. ಹೆಂಡತಿಯ ತಂಗಿ ಸೆರಗು ಸರಿಮಾಡಿಕೊಂಡು, ಹೋಗ್ಲಿ ಬಿಡಿ, ಆಗಿದ್ದಾಯ್ತು ಅಂದಳು. ಲಿಫ್ಟಣ್ಣನಿಗೆ ಸಿಕ್ಕ ತೀರ್ಪು ಅಷ್ಟೇ.

ಅಂದು ಲಿಫ್ಟಣ್ಣ ಗಾಢವಾಗಿ ನಿದ್ದೆ ಮಾಡಿದ. ಎಷ್ಟೋ ವಾರದ ಮೇಲೆ ಅಂಥ ನಿದ್ದೆ. ಮುಂದೆ ಅವನಿಗೆ ನಾಚಿಕೆಯಾದದ್ದು ಆ ನಿದ್ದೆಯ ಬಗ್ಗೆಯೇ.

ಸಂಜೆಯ ಫೋನು ನಿಂತುಹೋಯಿತು. ಬುಗುರಿ ಕೆಲವು ದಿನ ಅದೇ ಹೊತ್ತಿಗೆ ತಲೆ ಬಾಚಿಕೊಂಡು, ಪುಸ್ತಕ ಹಿಡಿದು ಫೋನಿನ ಪಕ್ಕ ಕೂರುತ್ತಿದ್ದಳು. ಆಮೇಲೆ ಪುಸ್ತಕ ಹಿಡಿದು ಒಳಕೋಣೆಗೆ ಹೋಗತೊಡಗಿದಳು. ನೋಡಲಾರದೆ ಅವನು, ನಾನೇ ನಿಮ್ಮಪ್ಪನ ಹತ್ತಿರ ಮಾತಾಡಲಾ ಅಂತ ಕೇಳಿದ. ಬೇಡ ಅಂಕಲ್ ಅಂದಳು, ಪುಟದಿಂದ ತಲೆ ಎತ್ತದೆ. ಆದರೂ ಒಂದು ಮಧ್ಯಾಹ್ನ ಮೋಟಾರಿನ ಕೋಣೆಯಿಂದ ಮೊದಲನೆಯವನಿಗೆ ಫೋನು ಮಾಡಿದ. ಹುಡುಗಿ ಕಾಯುತ್ತಾಳೆ, ನಮ್ಮ ಮಾತು ಏನೇ ಇರಲಿ ಅಂತ ಶುರುಮಾಡಿದ. ಅತ್ತ ಅವನು ಬಹಳ ಗೆಲುವಾಗಿದ್ದ. ಎಲ್ಲ ಸರಿಹೋಗುತ್ತೆ ಬಿಡಿ ಅಂದ. ನೀವು ಮೋಟಾರು ಗೊತ್ತಿರುವವರಲ್ಲವೇ, ನಮ್ಮ ವ್ಯಾಯಾಮದ ಯಂತ್ರಗಳ ಸರ್ವಿಸಿಗೆ ಆಳು ಸಿಗುತ್ತಿಲ್ಲ, ಯಾರಾದರೂ ಇದ್ದರೆ ಹೇಳಿ ಅಂತ ಸೇರಿಸಿ ಇಟ್ಟುಬಿಟ್ಟ. ಮಗಳಿಗೆ ಫೋನು ಮಾಡಲಿಲ್ಲ.

ಬುಗುರಿ ಸೈಕಲ್ಲನ್ನು ಬಳಗದ ಚಿಕ್ಕ ಹುಡುಗಿಯೊಬ್ಬಳಿಗೆ ಕೊಟ್ಟಳು. ಲಿಫ್ಟಣ್ಣನೊಡನೆ ಮುನಿಸೇನೂ ತೋರಲಿಲ್ಲ. ಹಬೆಯಾಡುವ ಪಾತ್ರೆ ಎತ್ತುವಾಗ ಬಟ್ಟೆ ಕೊಟ್ಟಳು, ಜ್ವರ ಬಂದಾಗ ಮಾತ್ರೆ ತಂದಳು. ಅವನ ಎದುರು ನಗುವುದನ್ನು ಮಾತ್ರ ಬಿಟ್ಟಳು. ತಾಯಿಯ ಜೊತೆ ಒಳಗೆ ನಗುತ್ತಿರುವಾಗ ಇವನ ಕೀಲಿಕೈ ಸದ್ದಾದರೆ ನಗು ನಿಲ್ಲುತ್ತಿತ್ತು. ಶಾಲೆ ಮುಗಿದ ವರ್ಷ, ಇದೇ ಊರಿನಲ್ಲಿ ಕಾಲೇಜುಗಳಿದ್ದರೂ, ದೂರದ ಊರಿನ ಕಾಲೇಜೊಂದಕ್ಕೆ ಹಾಸ್ಟೆಲ್ ಹಿಡಿದು ಹೊರಟಳು. ಬಸ್ ನಿಲ್ದಾಣದವರೆಗೆ ಪೆಟ್ಟಿಗೆ ಹೊತ್ತವನು ಅವನೇ. ಕಿಟಕಿ ಪಕ್ಕದ ಸೀಟು ನೋಡಿ ಕೂರಿಸಿದ, ನೀರಿನ ಬಾಟಲಿ ಕೊಟ್ಟ. ಅಮ್ಮನ್ನ ನೋಡ್ಕೊಳ್ಳಿ ಅಂದಳು. ಬಸ್ಸು ಹೊರಟಿತು.

ಮನೆಗೆ ಬಂದಾಗ ಹೆಂಡತಿ ಚಹಾ ಮಾಡಿಟ್ಟಿದ್ದಳು. ಇಬ್ಬರೂ ಮೇಜಿನ ಮುಂದೆ ಕೂತರು. ಅವಳು ಬಹಳ ಹೊತ್ತು ಲೋಟದ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು.

“ಆಸ್ಪತ್ರೆಯಲ್ಲೇ ಗೊತ್ತಾಗಿತ್ತು ನಂಗೆ,” ಅಂದಳು. “ಅವಳು ಸೂರು ನೋಡಿ ಹೇಳಿದಾಗಲೇ. ಸುಳ್ಳು ಹೇಳೋವಾಗ ಚಿಕ್ಕಂದಿನಿಂದ ಅವಳು ಹಾಗೇ.”

ಅವನು ಲೋಟ ಕೆಳಗಿಟ್ಟ.

“ಮತ್ತೆ ಬಿಗಿ ಮಾಡಿದ್ರಾ ಅಂತ ಯಾಕೆ ಕೇಳಿದೆ?”

“ಅವಳಿಗೆ ಅಪ್ಪ ಬೇಕಿತ್ತು. ನೀವು ತಡ್ಕೊಳ್ತೀರಿ ಅಂದ್ಕೊಂಡೆ.”

ಅವನಿಗೆ ಹೇಳಬೇಕಾದ್ದು ಬೇಕಾದಷ್ಟಿತ್ತು, ಯಾವುದನ್ನು ಮೊದಲು ಹೇಳಬೇಕು ಅನ್ನುವುದು ತಿಳಿಯಲಿಲ್ಲ. ಕೆಳಗಿನ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತ, ಬರಲಿ ಬರಲಿ ಅಂತ ಕೂಗುತ್ತಿದ್ದರು. ಅವಳು ಇನ್ನಷ್ಟು ಹಾಕಲಾ ಅಂತ ಕೇಳಿದಳು. ಅವನು ಬೇಡ ಅಂದ. ಅವಳು ಎರಡೂ ಲೋಟ ತೆಗೆದುಕೊಂಡು ಹೋಗಿ ತೊಳೆಯಲು ನಿಂತಳು.